ಇಂಗ್ಲಿಷ್ ವಾಕ್ಯದ ತಪ್ಪು ಹಿಡಿಯುವುದು, ತಿದ್ದುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲಿ ಸಂಜೆ ಹೊತ್ತು ಇಂಗ್ಲಿಷ್ ಪಾಠ ಮಾಡುತ್ತೇನೆ. ಮದ್ದೂರು, ಪಾಂಡವಪುರದ ಕಡೆಯಿಂದ ಬಂದು ಬ್ಯಾಂಕ್ ಪರೀಕ್ಷೆಗೆ ಓದುವವರು ಇದ್ದಾರೆ. ಕೆಲಸಕ್ಕೆ ಸೇರಿದ ಮೇಲೆ ಮೇಲ್ ಬರೆಯಲು ತಡಕಾಡುವವರು ಇದ್ದಾರೆ. ಮಕ್ಕಳ ಹೋಮ್‌ವರ್ಕ್ ನೋಡಬೇಕಾದ ಅಮ್ಮಂದಿರೂ ಬರುತ್ತಾರೆ. ಊರು, ವಯಸ್ಸು ಬೇರೆ ಬೇರೆ ಆದರೂ ಎಲ್ಲರ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವನ್ನೆಲ್ಲ ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಇಂಗ್ಲಿಷ್ ವಾಕ್ಯಗಳನ್ನೂ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಬಾಯಿಬಿಟ್ಟು ಓದಿ, ಎಷ್ಟೋ ತಪ್ಪು ಕಿವಿಗೇ ಸಿಕ್ಕಿಬಿಡುತ್ತದೆ.

ಗ್ರಾಮರ್ ನಿಯಮ ಎಲ್ಲ ಬಾಯಿಪಾಠ ಬರುತ್ತದೆ. ಬರೆಯುವಾಗ ಮಾತ್ರ ತಪ್ಪುತ್ತೇನೆ. ಯಾಕೆ?

ನಿಮ್ಮ ತಲೆಯಲ್ಲಿ ಆಗಲೇ ಒಂದು ವ್ಯಾಕರಣ ಗಟ್ಟಿಯಾಗಿ ಕೂತಿದೆ. ಅದು ಕನ್ನಡದ್ದು. "ಅವನು ಡಾಕ್ಟರ್" ಅನ್ನುವುದು ಕನ್ನಡದಲ್ಲಿ ಪೂರ್ತಿ ವಾಕ್ಯ, ಕ್ರಿಯಾಪದವೇ ಬೇಡ. ಅದನ್ನೇ "ಹಿ ಡಾಕ್ಟರ್" ಅಂದರೆ ಇಂಗ್ಲಿಷ್‌ನಲ್ಲಿ ಅರ್ಧಕ್ಕೇ ನಿಂತ ಹಾಗೆ. "ಹಿ ಈಸ್ ಎ ಡಾಕ್ಟರ್" ಆಗಬೇಕು. ಮಧ್ಯೆ ಬಂದ ಆ "ಈಸ್", ಆ "ಎ", ಎರಡಕ್ಕೂ ಕನ್ನಡದ ವಾಕ್ಯದಲ್ಲಿ ಜಾಗವೇ ಇಲ್ಲ. ಅದಕ್ಕೇ ಅವು ಬಿಟ್ಟುಹೋಗುತ್ತವೆ.

ಇದನ್ನು ದಡ್ಡತನ, ಅಜಾಗರೂಕತೆ ಅಂತ ಬೈಯುವ ಮೇಷ್ಟ್ರುಗಳನ್ನು ಕಂಡರೆ ನನಗೆ ಆಗುವುದಿಲ್ಲ. ನಮ್ಮ ಕಡೆಯವರ ಹೆಚ್ಚಿನ ತಪ್ಪುಗಳು ಸರಿಯಾದ ಕನ್ನಡ, ಜಾಗ ಮಾತ್ರ ತಪ್ಪು. ಹಾಗಾಗಿ ದಪ್ಪ ಗ್ರಾಮರ್ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಓದುವುದಕ್ಕಿಂತ, ಎರಡು ಭಾಷೆ ಎಲ್ಲೆಲ್ಲಿ ಬೇರೆ ದಾರಿ ಹಿಡಿಯುತ್ತವೆ ಅಂತ ನೋಡಿಕೊಂಡರೆ ಲಾಭ ಜಾಸ್ತಿ.

ಉದ್ದದ ವಾಕ್ಯ ಕೊಟ್ಟು ತಪ್ಪು ಹುಡುಕಿ ಅಂದರೆ ಎಲ್ಲಿಂದ ಶುರು ಮಾಡಬೇಕು?

ಕ್ರಿಯಾಪದದಿಂದ. ಮೊದಲು ಅದನ್ನು ಹುಡುಕಿ. ಆಮೇಲೆ "ಯಾರು?" ಅಥವಾ "ಯಾವುದು?" ಅಂತ ಕೇಳಿ. ಬಂದ ಉತ್ತರವೇ ಕರ್ತೃ. ಅದು ಏಕವಚನವೋ ಬಹುವಚನವೋ ನೋಡಿ.

ಈ ವಾಕ್ಯ ನೋಡಿ: "ದಿ ಕ್ವಾಲಿಟಿ ಆಫ್ ದಿ ಮ್ಯಾಂಗೋಸ್ ಇನ್ ದೇವರಾಜ ಮಾರ್ಕೆಟ್ ವರ್ ಗುಡ್." ಯಾವುದು ಚೆನ್ನಾಗಿತ್ತು? ಕ್ವಾಲಿಟಿ. ಅದು ಒಂದೇ. ಹಾಗಾಗಿ "ವರ್" ಅಲ್ಲ, "ವಾಸ್".

ಇಲ್ಲಿ ನಾವು ಎಡವುವುದಕ್ಕೆ ಕಾರಣ ಇದೆ. ಕನ್ನಡದಲ್ಲಿ "ಮಾವಿನ ಹಣ್ಣುಗಳ ಗುಣಮಟ್ಟ ಚೆನ್ನಾಗಿತ್ತು" ಅನ್ನುತ್ತೇವೆ. ಮುಖ್ಯವಾದ ಪದ "ಗುಣಮಟ್ಟ" ಕ್ರಿಯಾಪದದ ಪಕ್ಕದಲ್ಲೇ ಕೂತಿರುತ್ತದೆ. ಇಂಗ್ಲಿಷ್ ಇದನ್ನು ತಿರುವುಮುರುವು ಮಾಡುತ್ತದೆ. ಮುಖ್ಯ ಪದ ಎಲ್ಲೋ ಮುಂದೆ, ಕ್ರಿಯಾಪದ ಎಲ್ಲೋ ಹಿಂದೆ, ನಡುವೆ "ಮ್ಯಾಂಗೋಸ್" ಬಂದು ನಮ್ಮ ದಾರಿ ತಪ್ಪಿಸುತ್ತದೆ. ಪರೀಕ್ಷೆ ತೆಗೆಯುವವರಿಗೆ ಇದು ಚೆನ್ನಾಗಿ ಗೊತ್ತು. "ಆಫ್" ಆದಮೇಲೆ ಬರುವುದನ್ನು ಬೆರಳಿಂದ ಮುಚ್ಚಿ ಓದಿ, ಎಷ್ಟೋ ಸಲ ಉತ್ತರ ಎದುರಿಗೇ ಇರುತ್ತದೆ. "ಅಲಾಂಗ್ ವಿತ್", "ಆಸ್ ವೆಲ್ ಆಸ್" ಬಂದರೂ ಇದೇ ಉಪಾಯ: "ದಿ ಮ್ಯಾನೇಜರ್, ಅಲಾಂಗ್ ವಿತ್ ಹಿಸ್ ಕ್ಲರ್ಕ್ಸ್, ವಾಸ್ ಪ್ರೆಸೆಂಟ್."

"ಒನ್ ಆಫ್" ಮಾತ್ರ ಎರಡು ಕಡೆ ಕಾಡುತ್ತದೆ. "ಒನ್ ಆಫ್ ಮೈ ಫ್ರೆಂಡ್ ಆರ್ ಇನ್ ಶ್ರೀರಂಗಪಟ್ಟಣ" ಅನ್ನುವುದರಲ್ಲಿ ಎರಡು ತಪ್ಪಿದೆ. ಹಲವು ಗೆಳೆಯರಲ್ಲಿ ಒಬ್ಬ, ಹಾಗಾಗಿ "ಫ್ರೆಂಡ್ಸ್". ಇರುವವನು ಒಬ್ಬನೇ, ಹಾಗಾಗಿ "ಈಸ್".

"ಈಸ್" ಬಿಟ್ಟುಹೋಗುತ್ತದೆ ಅಂತ ಎಲ್ಲ ಕಡೆ ಸೇರಿಸಿದರೆ ಆಗಲ್ವಾ?

ಆಗುವುದಿಲ್ಲ. "ಐ ಆಮ್ ಅಗ್ರೀ", "ಹಿ ಈಸ್ ಗೋಸ್ ಟು ಮೈಸೂರು" ಅನ್ನುವ ವಾಕ್ಯಗಳು ಹುಟ್ಟುವುದೇ ಹೀಗೆ. ಬೇರೆ ಕ್ರಿಯಾಪದ ಆಗಲೇ ಕೆಲಸ ಮಾಡುತ್ತಿದ್ದರೆ "ಆಮ್", "ಈಸ್" ಬೇಡ. "ಐ ಅಗ್ರೀ." ಅಷ್ಟೇ.

"ಟುಡೇ ಮೀಟಿಂಗ್ ಈಸ್ ದೇರ್" ಅಂತ ಆಫೀಸಿನಲ್ಲಿ ಎಲ್ಲರೂ ಹೇಳುತ್ತಾರೆ. ತಪ್ಪಾ?

ನಮ್ಮವರಿಗೆ ಅರ್ಥ ಆಗುತ್ತದೆ. ಹೊರಗಿನವರು "ಎಲ್ಲಿದೆ?" ಅಂತ ಹುಡುಕುತ್ತಾರೆ. "ಇವತ್ತು ಮೀಟಿಂಗ್ ಇದೆ" ಅನ್ನುವುದು ಹಾಗೇ ಇಂಗ್ಲಿಷ್ ಬಟ್ಟೆ ಹಾಕಿಕೊಂಡಿದೆ. "ದೇರ್ ಈಸ್ ಎ ಮೀಟಿಂಗ್ ಟುಡೇ" ಅನ್ನಿ, ಇಲ್ಲವೇ "ವಿ ಹ್ಯಾವ್ ಎ ಮೀಟಿಂಗ್ ಟುಡೇ".

ಇದೇ ಜಾತಿಗೆ ಸೇರಿದ್ದು "ಫಾರ್ ಮಿ ಫೀವರ್ ಈಸ್ ದೇರ್". ಕನ್ನಡದಲ್ಲಿ ಜ್ವರ, ಹಸಿವು, ಸುಸ್ತು, ಅನುಮಾನ ಎಲ್ಲವೂ "ನನಗೆ" ಬರುತ್ತವೆ, ಆಗುತ್ತವೆ. ಇಂಗ್ಲಿಷ್‌ನಲ್ಲಿ ಇವಕ್ಕೆಲ್ಲ ನಾನೇ ಯಜಮಾನ: "ಐ ಹ್ಯಾವ್ ಎ ಫೀವರ್", "ಐ ಆಮ್ ಹಂಗ್ರಿ", "ಐ ಆಮ್ ಟೈರ್ಡ್". ಕನ್ನಡದಲ್ಲಿ ಯೋಚಿಸುವಾಗ "ನನಗೆ", "ಅವನಿಗೆ" ಬಂತು ಅಂದರೆ ಒಂದು ಕ್ಷಣ ನಿಂತು ವಾಕ್ಯವನ್ನು "ಐ", "ಹಿ" ಇಂದ ಶುರು ಮಾಡಿ ನೋಡಿ.

ಎ, ಆನ್, ದಿ. ಈ ಮೂರು ಜನ್ಮದಲ್ಲಿ ಅರ್ಥ ಆಗುತ್ತಾ?

ಆಗುತ್ತದೆ. ಕನ್ನಡದಲ್ಲಿ ಇವಿಲ್ಲ ಅನ್ನುವುದು ಅರ್ಧ ಮಾತ್ರ ನಿಜ. ಅಜ್ಜಿ ಕಥೆ ಶುರುವಾಗುವುದು ಹೇಗೆ? "ಒಂದೂರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಮೂವರು ಮಕ್ಕಳು." ಮೊದಲ ಸಲ ಬಂದ "ಒಬ್ಬ" ಅನ್ನುವುದೇ "ಎ". ಪರಿಚಯ ಆದಮೇಲೆ ಬಂದ "ಆ" ಅನ್ನುವುದೇ "ದಿ". ಕೇಳುವವನಿಗೆ ಯಾವುದು ಅಂತ ಗೊತ್ತಿಲ್ಲದಿದ್ದರೆ "ಎ", ಗೊತ್ತಿದ್ದರೆ "ದಿ". ಅನುಮಾನ ಬಂದಾಗ "ಒಂದು" ಇಟ್ಟು ನೋಡಿ, "ಆ" ಇಟ್ಟು ನೋಡಿ. ಯಾವುದು ಕೂರುತ್ತದೋ ಅದು. ಬಹಳ ಸಲ ನಮ್ಮ "ಅನ್ನು" ಪ್ರತ್ಯಯವೂ ಇದನ್ನೇ ಹೇಳುತ್ತದೆ. "ಪುಸ್ತಕ ತಂದೆ" ಅಂದರೆ ಯಾವುದೋ ಪುಸ್ತಕ, "ಪುಸ್ತಕವನ್ನು ತಂದೆ" ಅಂದರೆ ನಿನಗೆ ಗೊತ್ತಿರುವ ಆ ಪುಸ್ತಕ.

"ಎ", "ಆನ್" ಆರಿಸುವುದಕ್ಕೆ ಕನ್ನಡ ಲಿಪಿಗಿಂತ ಒಳ್ಳೆಯ ಸಾಧನ ಇಲ್ಲ. ಪದವನ್ನು ಕನ್ನಡದಲ್ಲಿ ಬರೆಯಿರಿ. ಮೊದಲ ಅಕ್ಷರ ಸ್ವರವಾದರೆ "ಆನ್", ವ್ಯಂಜನವಾದರೆ "ಎ". "ಅವರ್" (ಗಂಟೆ) ಶುರುವಾಗುವುದು ಅ ಇಂದ, ಹಾಗಾಗಿ "ಆನ್ ಅವರ್". "ಯೂನಿವರ್ಸಿಟಿ" ಶುರುವಾಗುವುದು ಯ ಇಂದ, ಹಾಗಾಗಿ "ಎ ಯೂನಿವರ್ಸಿಟಿ". "ಆನ್ ಎಂಎಲ್‌ಎ", "ಆನ್ ಎಸ್‌ಎಸ್‌ಎಲ್‌ಸಿ ಸ್ಟೂಡೆಂಟ್". ಇಂಗ್ಲಿಷ್ ಸ್ಪೆಲಿಂಗ್ ನೋಡಿದರೆ ಮೋಸ ಹೋಗುತ್ತೀರಿ. ಒಂದೇ ಎಚ್ಚರಿಕೆ: ನಮ್ಮ ಬಾಯಲ್ಲಿ ಎ ಮುಂದೆ ಯ, ಒ ಮುಂದೆ ವ ನುಸುಳುತ್ತದೆ. "ಎಗ್" ಅನ್ನುವುದನ್ನು "ಯೆಗ್" ಅಂತ ಅಂದುಕೊಂಡು "ಎ ಎಗ್" ಬರೆದುಬಿಡುತ್ತೇವೆ. ಅದು "ಆನ್ ಎಗ್".

ಊರು ಕೇರಿಯ ಹೆಸರಿಗೆ ಬಂದರೆ: ಊರಿಗೆ "ದಿ" ಇಲ್ಲ, ಕೆರೆಗೆ ಇಲ್ಲ, ಒಂಟಿ ಬೆಟ್ಟಕ್ಕೆ ಇಲ್ಲ. ಮಂಡ್ಯ, ಕುಕ್ಕರಹಳ್ಳಿ ಲೇಕ್, ಚಾಮುಂಡಿ ಹಿಲ್. ನದಿಗೆ ಬೇಕು, ಬೆಟ್ಟಸಾಲಿಗೆ ಬೇಕು: ದಿ ಕಾವೇರಿ, ದಿ ವೆಸ್ಟರ್ನ್ ಘಾಟ್ಸ್. "ಮೈಸೂರ್ ಯೂನಿವರ್ಸಿಟಿ" ಅಂದರೆ "ದಿ" ಬೇಡ, ಆದರೆ "ದಿ ಯೂನಿವರ್ಸಿಟಿ ಆಫ್ ಮೈಸೂರ್". ಓದುವುದಕ್ಕೆ ಹೋದರೆ "ಐ ಗೋ ಟು ಕಾಲೇಜ್", ತರಕಾರಿಗೆ ಹೋದರೆ "ಐ ಗೋ ಟು ದಿ ಮಾರ್ಕೆಟ್". ಇದಕ್ಕೆ ತರ್ಕ ಹುಡುಕಬೇಡಿ, ಸುಮ್ನೆ ರೂಢಿ ಮಾಡಿಕೊಳ್ಳಿ.

"ಸಿನ್ಸ್" ಯಾವಾಗ, "ಫಾರ್" ಯಾವಾಗ?

ನಮ್ಮ ತರಗತಿಯಲ್ಲಿ ಅತಿ ಹೆಚ್ಚು ಸಲ ಬರುವ ತಪ್ಪು ವಾಕ್ಯ: "ಐ ಆಮ್ ಲಿವಿಂಗ್ ಇನ್ ಮಂಡ್ಯ ಸಿನ್ಸ್ ಫೈವ್ ಇಯರ್ಸ್." ಕನ್ನಡದಲ್ಲಿ "ಐದು ವರ್ಷದಿಂದ", "2019ರಿಂದ" ಎರಡಕ್ಕೂ ಒಂದೇ "ಇಂದ". ಇಂಗ್ಲಿಷ್ ಇದನ್ನು ಎರಡಾಗಿ ಒಡೆಯುತ್ತದೆ. ಎಷ್ಟು ಕಾಲ ಅಂದರೆ "ಫಾರ್", ಯಾವತ್ತಿನಿಂದ ಅಂದರೆ "ಸಿನ್ಸ್". ಜೊತೆಗೆ ನಾವು "ಇದ್ದೇನೆ" ಅನ್ನುತ್ತೇವೆ, ವರ್ತಮಾನ ಸಾಕು. ಅವರಿಗೆ ಹಿಂದಿನಿಂದ ಇವತ್ತಿನವರೆಗೆ ಎಳೆಯುವ ಕ್ರಿಯಾಪದ ಬೇಕು. ಹಾಗಾಗಿ: "ಐ ಹ್ಯಾವ್ ಬೀನ್ ಲಿವಿಂಗ್ ಇನ್ ಮಂಡ್ಯ ಫಾರ್ ಫೈವ್ ಇಯರ್ಸ್."

ಹಾಗಾದರೆ ಹಿಂದೆ ನಡೆದದ್ದಕ್ಕೆಲ್ಲ "ಹ್ಯಾವ್", "ಹ್ಯಾಸ್" ಹಾಕಬಹುದಾ?

ಬೇಡ. ಮುಗಿದುಹೋದ ಕಾಲವನ್ನು ವಾಕ್ಯದಲ್ಲೇ ಹೇಳಿದರೆ "ಹ್ಯಾಸ್" ಹೊರಗೆ. ನಮ್ಮೂರಿನ ಇಸವಿಗಳನ್ನೇ ತೆಗೆದುಕೊಳ್ಳಿ. "ಮಂಡ್ಯ ಹ್ಯಾಸ್ ಬಿಕಮ್ ಎ ಡಿಸ್ಟ್ರಿಕ್ಟ್ ಇನ್ 1939" ತಪ್ಪು, "ಮಂಡ್ಯ ಬಿಕೇಮ್ ಎ ಡಿಸ್ಟ್ರಿಕ್ಟ್ ಇನ್ 1939" ಸರಿ. ಮೈಸೂರು ವಿಶ್ವವಿದ್ಯಾನಿಲಯ ಶುರುವಾದದ್ದು 1916ರಲ್ಲಿ. "ಈಸ್ ಎಸ್ಟಾಬ್ಲಿಷ್ಡ್ ಇನ್ 1916" ಅಂತ ಬರೆಯುತ್ತಾರೆ, ಅದು "ವಾಸ್ ಎಸ್ಟಾಬ್ಲಿಷ್ಡ್" ಆಗಬೇಕು. ಹಳೆಯ ಅರಮನೆ ಸುಟ್ಟುಹೋದದ್ದು 1897ರಲ್ಲಿ, ಈಗಿನದು ಮುಗಿದದ್ದು 1912ರಲ್ಲಿ. ಇವೆರಡನ್ನು ಒಂದೇ ವಾಕ್ಯದಲ್ಲಿ ಇಡುವಾಗ "ಹ್ಯಾಡ್" ಕೆಲಸಕ್ಕೆ ಬರುತ್ತದೆ: "ದಿ ಪ್ರೆಸೆಂಟ್ ಪ್ಯಾಲೇಸ್ ವಾಸ್ ಬಿಲ್ಟ್ ಆಫ್ಟರ್ ದಿ ಓಲ್ಡ್ ಒನ್ ಹ್ಯಾಡ್ ಬರ್ನ್ಟ್ ಡೌನ್." ಮೊದಲು ನಡೆದದ್ದಕ್ಕೆ "ಹ್ಯಾಡ್".

ಆದರೆ ಮೃಗಾಲಯ 1892ರಲ್ಲಿ ಶುರುವಾಗಿ ಇವತ್ತಿಗೂ ಇದೆ, ಅಲ್ವಾ? ಅದನ್ನು ಹೇಳುವಾಗ "ದಿ ಝೂ ಹ್ಯಾಸ್ ಬೀನ್ ಹಿಯರ್ ಸಿನ್ಸ್ 1892". ಇಲ್ಲಿ "ಹ್ಯಾಸ್" ಸರಿ, ಕಾಲ ಇನ್ನೂ ಮುಗಿದಿಲ್ಲ.

"ಡಿಡ್ ಯು ವೆಂಟ್?" ಯಾಕೆ ತಪ್ಪು? ಹಿಂದೆ ಹೋಗಿದ್ದೇ ಅಲ್ವಾ?

ಭೂತಕಾಲವನ್ನು "ಡಿಡ್" ಆಗಲೇ ಹೊತ್ತುಕೊಂಡಿದೆ. "ಡಿಡ್ ಯು ಗೋ?" "ಐ ಡಿಡ್ ನಾಟ್ ಗೋ."

"ಐ ಆಮ್ ಹ್ಯಾವಿಂಗ್ ಟು ಸಿಸ್ಟರ್ಸ್" ಅಂದರೆ ನಗುತ್ತಾರೆ. ಏನಾಯಿತು?

ಊಟ ಮಾಡುತ್ತಿದ್ದರೆ "ಐ ಆಮ್ ಹ್ಯಾವಿಂಗ್ ಲಂಚ್" ಅನ್ನಬಹುದು. ಅಕ್ಕತಂಗಿಯರು ಇರುವುದು ನಡೆಯುತ್ತಿರುವ ಕೆಲಸ ಅಲ್ಲ. "ಐ ಹ್ಯಾವ್ ಟು ಸಿಸ್ಟರ್ಸ್." ಗೊತ್ತಿರುವುದು, ಬೇಕಾಗಿರುವುದು, ಇಷ್ಟಪಡುವುದು, ನಂಬುವುದು, ಇವಕ್ಕೂ "ಇಂಗ್" ಬೇಡ. "ಐ ಆಮ್ ನೋಯಿಂಗ್" ಅನ್ನಬೇಡಿ, "ಐ ನೋ" ಸಾಕು.

ನನ್ನ ವಾಕ್ಯಗಳು ರೈಲಿನ ಹಾಗೆ ಉದ್ದ ಆಗುತ್ತವೆ. ಎಲ್ಲಿ ಕತ್ತರಿಸಬೇಕು?

ನನಗೆ ಕೇಳಿದರೆ ಇದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ವ್ಯಾಕರಣದ ಸಣ್ಣ ತಪ್ಪನ್ನು ಓದುವವರು ಕ್ಷಮಿಸುತ್ತಾರೆ. ವಾಕ್ಯದ ಕಟ್ಟೇ ಕುಸಿದರೆ ಓದುವುದನ್ನೇ ಬಿಡುತ್ತಾರೆ.

ಕನ್ನಡದಲ್ಲಿ "ಎದ್ದು, ಸ್ನಾನ ಮಾಡಿ, ತಿಂಡಿ ತಿಂದು, ಬಸ್ ಹತ್ತಿ, ಮೈಸೂರಿಗೆ ಬಂದೆ" ಅಂತ ಎಷ್ಟು ದೂರ ಬೇಕಾದರೂ ಎಳೆಯಬಹುದು. ಕೊನೆಯ ಕ್ರಿಯಾಪದ ಎಲ್ಲವನ್ನೂ ಹಿಡಿದುಕೊಳ್ಳುತ್ತದೆ. ಇಂಗ್ಲಿಷ್‌ನಲ್ಲಿ ಆ ಅನುಕೂಲ ಇಲ್ಲ. ನಾವು ಬರೀ ಕಾಮಾ ಹಾಕಿ ಜೋಡಿಸುತ್ತೇವೆ: "ಇಟ್ ವಾಸ್ ರೇನಿಂಗ್, ದಿ ಬಸ್ ವಾಸ್ ಲೇಟ್, ಐ ಮಿಸ್ಡ್ ದಿ ಎಕ್ಸಾಮ್." ಮೂರು ಪೂರ್ತಿ ವಾಕ್ಯಗಳನ್ನು ಕಾಮಾ ಒಂದೇ ಕಟ್ಟಿಹಾಕಲಾರದು. ಫುಲ್‌ಸ್ಟಾಪ್ ಇಡಿ. ಇಲ್ಲವೇ ಸಂಬಂಧ ಹೇಳುವ ಪದ ತನ್ನಿ: "ದಿ ಬಸ್ ವಾಸ್ ಲೇಟ್ ಬಿಕಾಸ್ ಇಟ್ ವಾಸ್ ರೇನಿಂಗ್, ಸೋ ಐ ಮಿಸ್ಡ್ ದಿ ಎಕ್ಸಾಮ್."

ಇದಕ್ಕೆ ಉಲ್ಟಾ ತಪ್ಪೂ ಇದೆ. "ಐ ಮಿಸ್ಡ್ ದಿ ಎಕ್ಸಾಮ್. ಬಿಕಾಸ್ ದಿ ಬಸ್ ವಾಸ್ ಲೇಟ್." ಕನ್ನಡದಲ್ಲಿ "ಯಾಕೆಂದರೆ ಬಸ್ ತಡವಾಯಿತು" ತಾನೇ ನಿಲ್ಲುತ್ತದೆ. ಬರವಣಿಗೆಯ ಇಂಗ್ಲಿಷ್‌ನಲ್ಲಿ "ಬಿಕಾಸ್" ಇಂದ ಶುರುವಾದ ತುಂಡು ಒಂಟಿಯಾಗಿ ನಿಲ್ಲಬಾರದು. ಮಧ್ಯದ ಫುಲ್‌ಸ್ಟಾಪ್ ತೆಗೆದರೆ ಮುಗಿಯಿತು.

"ಆಲ್ದೋ ಇಟ್ ವಾಸ್ ರೇನಿಂಗ್, ಬಟ್ ವಿ ವೆಂಟ್" ಅಂತ ಎರಡು ಕೊಂಡಿ ಹಾಕುವವರೂ ಇದ್ದಾರೆ. ಒಂದು ಸಾಕು. "ಆಲ್ದೋ" ಇದ್ದರೆ "ಬಟ್" ಬೇಡ. "ಆಸ್ ಐ ಆಮ್ ಇಲ್, ಸೋ" ಅನ್ನುವುದಕ್ಕೂ ಇದೇ ಮದ್ದು.

ಇನ್ನೊಂದು ಸ್ವಲ್ಪ ಸೂಕ್ಷ್ಮ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಬಂದ ಹುಡುಗಿಯೊಬ್ಬಳು ಹೀಗೆ ಬರೆಯುತ್ತಾಳೆ ಅಂದುಕೊಳ್ಳಿ: "ಕ್ಲೈಂಬಿಂಗ್ ದಿ ಸ್ಟೆಪ್ಸ್, ದಿ ನಂದಿ ಲುಕ್ಡ್ ಹ್ಯೂಜ್." ಕನ್ನಡದ "ಮೆಟ್ಟಿಲು ಹತ್ತುತ್ತಾ ಇರುವಾಗ ನಂದಿ ದೊಡ್ಡದಾಗಿ ಕಂಡಿತು" ಅನ್ನುವುದರಲ್ಲಿ ದೋಷ ಇಲ್ಲ. ಇಂಗ್ಲಿಷ್ ವಾಕ್ಯದಲ್ಲಿ ಮಾತ್ರ ಮೆಟ್ಟಿಲು ಹತ್ತುತ್ತಿರುವುದು ನಂದಿಯೇ! ಶುರುವಿನ "ಇಂಗ್" ಕೆಲಸ ಮಾಡುವವರು ಯಾರೋ ಅವರೇ ಕಾಮಾ ಆದ ಕೂಡಲೇ ಬರಬೇಕು. "ಕ್ಲೈಂಬಿಂಗ್ ದಿ ಸ್ಟೆಪ್ಸ್, ಐ ಸಾ ದಿ ಹ್ಯೂಜ್ ನಂದಿ." ಅಥವಾ "ಆಸ್ ಐ ಕ್ಲೈಂಬ್ಡ್ ದಿ ಸ್ಟೆಪ್ಸ್, ದಿ ನಂದಿ ಲುಕ್ಡ್ ಹ್ಯೂಜ್."

ಅಪ್ಪನ ಬಗ್ಗೆ ಬರೆಯುವಾಗ "ಹಿ" ಅನ್ನುವುದು ಮರ್ಯಾದೆ ಕಮ್ಮಿ ಅನ್ನಿಸುತ್ತದೆ. "ದೇ" ಹಾಕಬಹುದಾ?

ಅನ್ನಿಸುವುದು ಸಹಜ. ನಮ್ಮ "ಅವರು" ಮರ್ಯಾದೆಗೂ ಹೌದು, ಬಹುವಚನಕ್ಕೂ ಹೌದು. ಆದರೆ "ಮೈ ಫಾದರ್ ಆರ್ ಎ ಫಾರ್ಮರ್, ದೇ ಗ್ರೋ ಶುಗರ್‌ಕೇನ್" ಅಂದರೆ ಓದುವವರಿಗೆ ಗೊಂದಲ. "ಮೈ ಫಾದರ್ ಈಸ್ ಎ ಫಾರ್ಮರ್. ಹಿ ಗ್ರೋಸ್ ಶುಗರ್‌ಕೇನ್." ಮುಖ್ಯಮಂತ್ರಿಗೂ "ಹಿ", ರಾಷ್ಟ್ರಪತಿಗೂ "ಹಿ" ಅಥವಾ "ಶಿ". ಅಲ್ಲಿ ಗೌರವ ಇರುವುದು "ಸರ್", "ಮೇಡಂ", ಹೆಸರಿನ ಹಿಂದಿನ ಪದವಿಗಳಲ್ಲಿ.

"ಅವರು" ಹೆಂಗಸೋ ಗಂಡಸೋ ಹೇಳುವುದಿಲ್ಲ. ಹಾಗಾಗಿ ಮೇಡಂ ಬಗ್ಗೆ ಮಾತಾಡುತ್ತಾ ಥಟ್ಟನೆ "ಹಿ" ಬಂದುಬಿಡುತ್ತದೆ. ಬರೆದಾದ ಮೇಲೆ ಬರೀ "ಹಿ", "ಶಿ"ಗಳನ್ನೇ ನೋಡುತ್ತಾ ಒಂದು ಸುತ್ತು ಓದಿ.

"ಐ ಡೋಂಟ್ ನೋ ವೇರ್ ಈಸ್ ಹಿ" ಸರಿಯಾ?

ಅಲ್ಲ. ನೇರ ಪ್ರಶ್ನೆಯಾದರೆ "ವೇರ್ ಈಸ್ ಹಿ?" ಪ್ರಶ್ನೆ ಇನ್ನೊಂದು ವಾಕ್ಯದ ಹೊಟ್ಟೆಯೊಳಗೆ ಹೋದರೆ ಕ್ರಮ ಬದಲಾಗುತ್ತದೆ: "ಐ ಡೋಂಟ್ ನೋ ವೇರ್ ಹಿ ಈಸ್." ನಮ್ಮವರು ಎರಡನ್ನೂ ಅದಲುಬದಲು ಮಾಡುತ್ತಾರೆ. "ವೇರ್ ಯು ಆರ್ ಗೋಯಿಂಗ್?" ಅಂತ ನೇರವಾಗಿ ಕೇಳುತ್ತಾರೆ. ಅದು "ವೇರ್ ಆರ್ ಯು ಗೋಯಿಂಗ್?"

"ಊಟ ಆಗಿಲ್ವಾ?" ಅಂತ ಇಂಗ್ಲಿಷ್‌ನಲ್ಲಿ ಕೇಳಿದರೆ "ಯೆಸ್" ಅನ್ನಬೇಕಾ "ನೋ" ಅನ್ನಬೇಕಾ?

"ಹ್ಯಾವಂಟ್ ಯು ಈಟನ್?" ಅಂದಾಗ ನಾವು "ಹೌದು, ಆಗಿಲ್ಲ" ಅನ್ನುವ ಲೆಕ್ಕದಲ್ಲಿ "ಯೆಸ್, ಐ ಹ್ಯಾವಂಟ್" ಅನ್ನುತ್ತೇವೆ. ಕನ್ನಡದ "ಹೌದು" ಕೇಳಿದವರ ಮಾತನ್ನು ಒಪ್ಪುತ್ತದೆ. ಇಂಗ್ಲಿಷ್‌ನ "ಯೆಸ್" ಕೆಲಸ ಆಗಿದೆಯಾ ಇಲ್ಲವಾ ಅಷ್ಟನ್ನೇ ನೋಡುತ್ತದೆ. ಊಟ ಆಗಿದ್ದರೆ "ಯೆಸ್, ಐ ಹ್ಯಾವ್". ಆಗಿಲ್ಲದಿದ್ದರೆ "ನೋ, ಐ ಹ್ಯಾವಂಟ್". ಇಂಟರ್‌ವ್ಯೂಗಳಲ್ಲಿ ಇದರಿಂದ ನಿಜವಾಗಿಯೂ ಎಡವಟ್ಟು ಆಗುತ್ತದೆ. "ಯು ಡೋಂಟ್ ಹ್ಯಾವ್ ಎಕ್ಸ್‌ಪೀರಿಯೆನ್ಸ್?" ಅಂದಾಗ ಬರೀ "ಯೆಸ್ ಸರ್" ಅಂದು ಸುಮ್ಮನಾದರೆ ಅನುಭವ ಇದೆಯೋ ಇಲ್ಲವೋ ಅಂತ ಅವರಿಗೆ ತಿಳಿಯುವುದಿಲ್ಲ. ಪೂರ್ತಿ ವಾಕ್ಯ ಹೇಳಿ.

ಇಂಟರ್‌ವ್ಯೂ ಅಂದಮೇಲೆ: "ಮೈಸೆಲ್ಫ್ ರವಿ, ಐ ಆಮ್ ಕಮಿಂಗ್ ಫ್ರಮ್ ಮಂಡ್ಯ" ಬೇಡ. "ಐ ಆಮ್ ರವಿ. ಐ ಆಮ್ ಫ್ರಮ್ ಮಂಡ್ಯ." "ಕಮಿಂಗ್ ಫ್ರಮ್" ಅಂದರೆ ಇನ್ನೂ ದಾರಿಯಲ್ಲೇ ಇದ್ದೀರಿ ಅಂತಾಗುತ್ತದೆ.

"ಟೋಲ್ಡ್", "ಸೆಡ್" ವ್ಯತ್ಯಾಸ ಏನು? "ಡಿಸ್ಕಸ್ ಅಬೌಟ್" ಯಾಕೆ ತಪ್ಪು?

"ಟೋಲ್ಡ್" ಆದ ಕೂಡಲೇ ಯಾರಿಗೆ ಅನ್ನುವುದು ಬರಬೇಕು. "ಹಿ ಟೋಲ್ಡ್ ದ್ಯಾಟ್" ತಪ್ಪು, "ಹಿ ಟೋಲ್ಡ್ ಮಿ ದ್ಯಾಟ್" ಸರಿ. ಯಾರಿಗೆ ಅಂತ ಹೇಳುವುದು ಬೇಡವಾದರೆ "ಹಿ ಸೆಡ್ ದ್ಯಾಟ್".

"ಡಿಸ್ಕಸ್" ಅನ್ನುವುದರಲ್ಲೇ "ಬಗ್ಗೆ" ಸೇರಿಕೊಂಡಿದೆ. "ಲೆಟ್ ಅಸ್ ಡಿಸ್ಕಸ್ ದಿ ಪ್ರಾಬ್ಲಮ್." "ರಿಟರ್ನ್ ಬ್ಯಾಕ್" ಅನ್ನುವಲ್ಲಿ "ಬ್ಯಾಕ್" ದಂಡ, "ಕೋಪ್ ಅಪ್ ವಿತ್" ಅನ್ನುವಲ್ಲಿ "ಅಪ್" ದಂಡ. ಮದುವೆ "ವಿತ್" ಅಲ್ಲ, "ಮ್ಯಾರೀಡ್ ಟು". ಹೋಲಿಕೆಗೆ ನಮಗೆ "ಗಿಂತ" ಒಂದೇ ಇರುವುದರಿಂದ ಎಲ್ಲ ಕಡೆ "ದ್ಯಾನ್" ಬರುತ್ತದೆ. ಆದರೆ "ಸೀನಿಯರ್ ಟು ಮಿ", "ಐ ಪ್ರಿಫರ್ ಕಾಫಿ ಟು ಟೀ".

ಯಾವ ಪದಗಳಿಗೆ "ಎಸ್" ಸೇರಿಸಬಾರದು?

ಫರ್ನಿಚರ್, ಇನ್ಫರ್ಮೇಶನ್, ಅಡ್ವೈಸ್, ಲಗೇಜ್, ಎಕ್ವಿಪ್‌ಮೆಂಟ್, ಹೋಮ್‌ವರ್ಕ್. ಎಣಿಸಲೇಬೇಕಾದರೆ "ಟು ಪೀಸಸ್ ಆಫ್ ಲಗೇಜ್".

"ಐ ಆಮ್ ಇನ್ ಮೈಸೂರು ಓನ್ಲಿ", "ಪ್ರಿಪೋನ್" (ನಿಗದಿಗಿಂತ ಮೊದಲಿಗೆ ತರುವುದು), ಇವೆಲ್ಲ ತಪ್ಪೇ?

"ಪ್ರಿಪೋನ್" ಆಕ್ಸ್‌ಫರ್ಡ್ ನಿಘಂಟಿಗೇ ಸೇರಿದೆ. ಧೈರ್ಯವಾಗಿ ಬಳಸಿ, ಓದುವವರು ಭಾರತೀಯರಾಗಿದ್ದರೆ ಸಾಕು. "ಓನ್ಲಿ" ಕಥೆ ಬೇರೆ. "ಮೈಸೂರಲ್ಲೇ ಇದ್ದೀನಿ" ಅನ್ನುವ ಆ "ಏ" ಒತ್ತನ್ನು ತೋರಿಸಲು ನಾವು "ಓನ್ಲಿ", "ಇಟ್‌ಸೆಲ್ಫ್" ಅಂಟಿಸುತ್ತೇವೆ. ಗೆಳೆಯರ ಜೊತೆ ಹೇಗೆ ಬೇಕಾದರೂ ಮಾತಾಡಿ. ಇದನ್ನೂ ತಿದ್ದುವವರು ಕೊಂಚ ಅತಿ ಮಾಡುತ್ತಾರೆ ಅನ್ನುವುದು ನನ್ನ ಅಭಿಪ್ರಾಯ. ಅರ್ಜಿ, ಪರೀಕ್ಷೆ, ಹೊರದೇಶದ ಗ್ರಾಹಕರಿಗೆ ಬರೆಯುವ ಮೇಲ್, ಇಲ್ಲಿ ಮಾತ್ರ ಬಿಡಿ. "ಟುಡೇ ಇಟ್‌ಸೆಲ್ಫ್" ಬದಲು "ಬೈ ದಿ ಎಂಡ್ ಆಫ್ ಟುಡೇ" ಅಂದರೆ ಒತ್ತೂ ಉಳಿಯುತ್ತದೆ, ಅರ್ಥವೂ ಸ್ಪಷ್ಟ.

"ಮೈಸೂರ್" ಬರೆಯಬೇಕಾ "ಮೈಸೂರು" ಬರೆಯಬೇಕಾ?

ಇಂಗ್ಲಿಷ್‌ನಲ್ಲಿ ಊರಿನ ಅಧಿಕೃತ ಹೆಸರು 2014ರ ನವೆಂಬರ್ 1ರಿಂದ "ಮೈಸೂರು". ವಿಳಾಸದಲ್ಲಿ ಅದನ್ನೇ ಬರೆಯಿರಿ. ಹಳೆಯ ಸಂಸ್ಥೆಗಳ ಹೆಸರನ್ನು ಅವರು ಹೇಗೆ ಬರೆದುಕೊಳ್ಳುತ್ತಾರೋ ಹಾಗೇ ಬಿಡಿ. ವಿಶ್ವವಿದ್ಯಾನಿಲಯ ಇವತ್ತಿಗೂ "ಯೂನಿವರ್ಸಿಟಿ ಆಫ್ ಮೈಸೂರ್".

ಫೋನಿನಲ್ಲೇ ಗ್ರಾಮರ್ ತಿದ್ದುವ ಆ್ಯಪ್ ಇರುವಾಗ ಇಷ್ಟೆಲ್ಲ ಯಾಕೆ?

ಬಳಸಿ, ಬೇಡ ಅನ್ನುವುದಿಲ್ಲ. ಕಾಗುಣಿತ, "ಎಸ್" ಬಿಟ್ಟದ್ದು, "ಡಿಡ್ ವೆಂಟ್" ಇವನ್ನೆಲ್ಲ ಅದು ಚೆನ್ನಾಗಿ ಹಿಡಿಯುತ್ತದೆ. ಆದರೆ ನೀವು ಹೇಳಬೇಕೆಂದದ್ದು ಏನು ಅಂತ ಅದಕ್ಕೆ ಗೊತ್ತಿಲ್ಲ. "ವಿ ಸ್ಟಾಪ್ಡ್ ಈಟಿಂಗ್ ವಡಾಸ್ ಅಟ್ ಮದ್ದೂರ್" ಅಂತ ಬರೆದರೆ ವ್ಯಾಕರಣ ಸರಿಯಾಗಿಯೇ ಇದೆ, ಆ್ಯಪ್ ಸುಮ್ಮನಿರುವ ಸಾಧ್ಯತೆ ಜಾಸ್ತಿ. ಅರ್ಥ ಮಾತ್ರ "ಮದ್ದೂರಿನಲ್ಲಿ ವಡೆ ತಿನ್ನುವುದನ್ನೇ ಬಿಟ್ಟೆವು" ಅಂತ. ವಡೆಗೋಸ್ಕರ ನಿಲ್ಲಿಸಿದ್ದರೆ "ವಿ ಸ್ಟಾಪ್ಡ್ ಟು ಈಟ್ ವಡಾಸ್". ಆ್ಯಪ್ ಕೆಂಪು ಗೆರೆ ಹಾಕಿದಾಗ ಒತ್ತುವ ಮೊದಲು ಯಾಕೆ ಹಾಕಿತು ಅಂತ ನೀವೇ ಊಹಿಸಿ. ಊಹೆ ಸರಿಯಾಗತೊಡಗಿದರೆ ಆ ತಪ್ಪು ಬಿಟ್ಟುಹೋಗುವ ದಾರಿಯಲ್ಲಿದೆ.

ಬ್ಯಾಂಕ್, ಎಸ್‌ಎಸ್‌ಸಿ ಪರೀಕ್ಷೆಯಲ್ಲಿ "ನೋ ಎರರ್" (ತಪ್ಪಿಲ್ಲ) ಅನ್ನುವ ಆಯ್ಕೆ ಯಾವಾಗ ಒತ್ತಬೇಕು?

ಹೆದರಿ ಒತ್ತಬೇಡಿ, ಹೆದರಿ ಬಿಡಲೂ ಬೇಡಿ. ಕ್ರಿಯಾಪದ ಮತ್ತು ಕರ್ತೃ, ಕಾಲ, ಆರ್ಟಿಕಲ್ (ಎ, ಆನ್, ದಿ), ಪ್ರಿಪೊಸಿಷನ್ (ಫಾರ್, ಟು, ವಿತ್ ಥರದವು), ಕೊಂಡಿಪದ (ಬಟ್, ಬಿಕಾಸ್ ಥರದವು), ಈ ಕ್ರಮದಲ್ಲಿ ಒಂದು ಸಲ ನೋಡಿ. ಏನೂ ಸಿಗದಿದ್ದರೆ "ನೋ ಎರರ್" ಒತ್ತಿ ಮುಂದೆ ಹೋಗಿ. ಕೇಳಿಲ್ಲದ ಶೈಲಿ ಅನ್ನುವ ಒಂದೇ ಕಾರಣಕ್ಕೆ ತಪ್ಪು ಅನ್ನಬೇಡಿ. "ಹಾರ್ಡ್ಲಿ ಹ್ಯಾಡ್ ದಿ ಟ್ರೈನ್ ಲೆಫ್ಟ್ ಮಂಡ್ಯ ವೆನ್ ಇಟ್ ಸ್ಟಾಪ್ಡ್" ವಿಚಿತ್ರವಾಗಿ ಕೇಳಿದರೂ ಸರಿ. ಅಲ್ಲಿ "ವೆನ್" ಬದಲು "ದ್ಯಾನ್" ಇದ್ದರೆ ತಪ್ಪು. "ದ್ಯಾನ್" ಬರುವುದು "ನೋ ಸೂನರ್" ಜೊತೆ. ತಪ್ಪು ಉತ್ತರಕ್ಕೆ ಅಂಕ ಕಡಿತ ಇರುವುದರಿಂದ ಕಣ್ಣುಮುಚ್ಚಿ ಗುರುತು ಹಾಕುವ ಆಟ ಬೇಡ.

ಪತ್ರದ ಕೊನೆಯಲ್ಲಿ "ಯುವರ್ಸ್ ಒಬೀಡಿಯೆಂಟ್ಲಿ" ಈಗಲೂ ಬರೆಯಬೇಕಾ?

ಶಾಲೆಯ ರಜಾಚೀಟಿಯಲ್ಲಿ ನಡೆಯುತ್ತದೆ. ಆಫೀಸಿಗೆ "ಡಿಯರ್ ಸರ್" ಅಂತ ಶುರು ಮಾಡಿದ್ದರೆ "ಯುವರ್ಸ್ ಫೇತ್‌ಫುಲಿ", ಹೆಸರು ಹಾಕಿ ಶುರು ಮಾಡಿದ್ದರೆ "ಯುವರ್ಸ್ ಸಿನ್ಸಿಯರ್ಲಿ". "ಯುವರ್ಸ್" ಅನ್ನುವಲ್ಲಿ "ಎಸ್" ಹಿಂದೆ ಮೇಲ್ಕಾಮಾ ಹಾಕಬೇಡಿ.